ಉಳಿದ ಮಾತು

2007ರ ಬೇಸಿಗೆಯಲ್ಲಿ ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ, ಜೀನ್ಸ್ ಪ್ಯಾಂಟುಗಳ ಹೊಲಿಗೆಯಿಂದ ಹೊರಚಾಚಿದ ದಾರದ ತುದಿಗಳನ್ನು ಕತ್ತರಿಸುತ್ತ ಕುಳಿತಿದ್ದ ಹೆಣ್ಣುಮಗಳೊಬ್ಬರು ವಿದೇಶಿ ವಾಹಿನಿಯ ಕ್ಯಾಮೆರಾದ ಮುಂದೆ ಒಂದು ವಾಕ್ಯ ಹೇಳಿದರು: “ಇದು ಕೆಟ್ಟ ಕೆಲಸ ಐತಿ... ಅಂತ ನಾನು ಅನ್ನಂಗಿಲ್ರಿ.” ‘ಐತಿ’ ಎಂದ ಮೇಲೆ ಅವರು ಒಂದು ಉಸಿರು ತೆಗೆದುಕೊಂಡರು, ಕೈಯಲ್ಲಿದ್ದ ದಾರವೊಂದನ್ನು ಕತ್ತರಿಸಿದರು, ಆಮೇಲೆ ಉಳಿದ ಮಾತನ್ನು ಆಡಿದರು. ಆರು ತಿಂಗಳ ನಂತರ ಚಿತ್ರ ಪ್ರಸಾರವಾದಾಗ ಆ ಉಸಿರಿನ ಜಾಗದಲ್ಲಿ ಕಟ್ ಬಿದ್ದಿತ್ತು. ಬಳ್ಳಾರಿಯ ಒಬ್ಬ ಹೆಂಗಸು ತನ್ನ ಕೆಲಸ ಕೆಟ್ಟದ್ದೆಂದು ಹೇಳುವುದನ್ನು ಹಲವು ದೇಶಗಳ ಜನ ನೋಡಿದರು. ಆಕೆ ಹೇಳಿದ್ದು ಅದಕ್ಕೆ ನೇರ ವಿರುದ್ಧವಾದದ್ದು.

ಆ ಚಿತ್ರದ ಸಂಕಲನದಲ್ಲಿ ನಾನು ಸಹಾಯಕನಾಗಿದ್ದೆ. ಕೆಲಸ ನಡೆದದ್ದು ಮುಂಬೈಯ ಒಂದು ಸ್ಟುಡಿಯೋದಲ್ಲಿ. ಅನುವಾದ ಮಾಡಿದವರು ಸಂದರ್ಶನವನ್ನು ಕೇಳಿ, ಪ್ರತಿಯೊಂದು ಮಾತಿನ ಎದುರಿಗೆ ಅದು ಟೇಪಿನಲ್ಲಿ ಬರುವ ಸಮಯ ತೋರಿಸುವ ಟೈಮ್‌ಕೋಡ್ ಬರೆದು, ಉಸಿರು ಬಿದ್ದಲ್ಲೆಲ್ಲ ಹೊಸ ಸಾಲು ಮಾಡಿದ್ದರು. ಹೀಗಾಗಿ ಒಂದು ವಾಕ್ಯ ಎರಡು ಸಾಲಾಗಿ ಒಡೆದು, ಎರಡನೆಯ ಸಾಲು ಮುಂದಿನ ಪುಟಕ್ಕೆ ಹೋಗಿತ್ತು. ಕನ್ನಡ ಬಾರದ ಮುಖ್ಯ ಸಂಕಲನಕಾರರು ಕಾಗದವನ್ನು ನಂಬಿ ಕತ್ತರಿಸಿದರು. ನನಗದು ತಿಳಿದದ್ದು ಜೋಡಣೆ ಮುಗಿದ ಚಿತ್ರವನ್ನು ನೋಡುವ ದಿನ. ಒಮ್ಮೆ ಹೇಳಿದೆ. ಪಿಕ್ಚರ್ ಲಾಕ್ ಆಗಿದೆ, ಅಂದರೆ ಚಿತ್ರದ ಜೋಡಣೆ ಅಂತಿಮವಾಗಿದೆ, ಧ್ವನಿ ಮಿಕ್ಸಿಂಗಿಗೆ ಹೋಗಿದೆ, ಈಗ ಎರಡು ಸೆಕೆಂಡ್ ಸೇರಿಸಿದರೂ ಮುಂದಿನದೆಲ್ಲ ಸರಿಯುತ್ತದೆ ಎಂಬ ಉತ್ತರ ಬಂತು. ಎರಡನೆಯ ಸಲ ಹೇಳುವ ಧೈರ್ಯ ನನಗಾಗಲಿಲ್ಲ. ಅವರಿಗೆ ಭಾಷೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಸುಮ್ಮನಾದೆ. ಈ ವೃತ್ತಿಯ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ನಾನು ಇಲ್ಲಿಂದಲೇ ಆರಂಭಿಸಬೇಕಾಗುತ್ತದೆ, ಏಕೆಂದರೆ ಅದರ ನಂತರ ನಾನು ಕಲಿತದ್ದೆಲ್ಲ ಆ ಕಟ್‌ನ ಸುತ್ತಲೇ ಇದೆ.

ನಮ್ಮದು ಈಗಿನ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವು ರಾಯಚೂರು ಜಿಲ್ಲೆಯವರು. ಆ ಹಳೆಯ ರಾಯಚೂರಿಗೆ ಟೆಲಿವಿಷನ್ನಿನ ಇತಿಹಾಸದಲ್ಲಿ ಒಂದು ಸ್ಥಾನವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ತಲುಪಿಸುವ ಪ್ರಯೋಗವೊಂದು ನಡೆಯಿತು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಸೈಟ್ (SITE) ಎಂದು ಅದನ್ನು ಕರೆಯುತ್ತಿದ್ದರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ವಿಜಯಪುರ, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿನವರ ಮನೆಗಳಿಗೆ ದೂರದರ್ಶನ ಬರುವುದಕ್ಕೆ ಮೊದಲೇ ನಮ್ಮ ಕಡೆಯ ಶಾಲೆಗಳ ಮುಂದೆ, ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾಗಳು ನಿಂತಿದ್ದವು. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು.

ಆಗ ಅಪ್ಪ ಹೊಸದಾಗಿ ನೌಕರಿಗೆ ಸೇರಿದ ಶಾಲಾ ಮಾಸ್ತರರು. ಟಿವಿ ಪೆಟ್ಟಿಗೆಯ ಕೀಲಿ ಅವರ ಬಳಿ ಇರುತ್ತಿತ್ತು. ಅವರು ಒಂದು ನೋಟುಬುಕ್ಕಿನಲ್ಲಿ ಪ್ರತಿ ಸಂಜೆ ಏನು ಬಂತು, ಎಷ್ಟು ಜನ ಕೂತಿದ್ದರು, ಕರೆಂಟು ಯಾವಾಗ ಹೋಯಿತು ಎಂದು ಬರೆದಿಡುತ್ತಿದ್ದರು. ಕೊನೆಯ ಅಂಕಣಕ್ಕೆ ಅವರೇ ಕೊಟ್ಟ ಹೆಸರು ‘ಎದ್ದು ಹೋದದ್ದು’. ಯಾವ ಘಳಿಗೆಯಲ್ಲಿ ಜನ ಎದ್ದು ಹೋದರು ಎಂಬ ಲೆಕ್ಕ ಅದು. ಮೇಜಿನ ಹಿಂದೆ ಕುಳಿತ ತಜ್ಞರು ಮಾತಾಡತೊಡಗಿದ ಐದಾರು ನಿಮಿಷಕ್ಕೆ ಜನ ಏಳುತ್ತಿದ್ದರು. ಯಾರಾದರೂ ಕೈಯಿಂದ ಕೆಲಸ ಮಾಡುವುದನ್ನು, ಬೀಜೋಪಚಾರವನ್ನೋ ಕೂಸಿಗೆ ಎರೆಯುವುದನ್ನೋ ತೋರಿಸಿದಾಗ ಕೂತೇ ಇರುತ್ತಿದ್ದರು. ನಾನು ಹುಟ್ಟಿದ್ದು ಆ ಪ್ರಯೋಗ ನಡೆದ ವರ್ಷ. ಆ ನೋಟುಬುಕ್ಕನ್ನು ಓದಿದ್ದು ಮಾತ್ರ ಮೂವತ್ತು ದಾಟಿದ ಮೇಲೆ, ಲಂಡನ್ನಿನಿಂದ ರಜೆಗೆ ಬಂದಾಗ. ವಾಹಿನಿಗಳು ಲಕ್ಷಗಟ್ಟಲೆ ಹಣ ಕೊಟ್ಟು ತರಿಸಿಕೊಳ್ಳುವ ವೀಕ್ಷಕ ವರದಿಗಳಲ್ಲಿ ಇರುವುದೂ ಅದೇ ಅಂಕಣವೆಂದು ಅಪ್ಪನಿಗೆ ಹೇಳಿದೆ. ಅವರು ನಂಬಲಿಲ್ಲ.

ನಾನು ಕೆಲಸ ಕಲಿತದ್ದು ಬಳ್ಳಾರಿಯ ಒಂದು ಮದುವೆ ವಿಡಿಯೋ ಅಂಗಡಿಯಲ್ಲಿ. ಅಲ್ಲಿ ಸಂಕಲನ ಎಂಬ ಪದ ಇರಲಿಲ್ಲ, ‘ಮಿಕ್ಸಿಂಗ್’ ಅನ್ನುತ್ತಿದ್ದರು. ಎರಡು ವಿಸಿಆರ್, ಎರಡು ಟಿವಿ. ಒಂದರಲ್ಲಿ ಮೂಲ ಕ್ಯಾಸೆಟ್ ಓಡಿಸಿ ಇನ್ನೊಂದರಲ್ಲಿ ಬೇಕಾದಷ್ಟನ್ನು ಬರೆದುಕೊಳ್ಳುವುದು. ಕಂಪ್ಯೂಟರಿನಲ್ಲಿ ಹಾಗೆ ಮಾಡಿ ಹೀಗೆ ಮಾಡಿ ನೋಡುವ ಅನುಕೂಲ ಅದರಲ್ಲಿಲ್ಲ: ನಡುವೆ ಒಂದು ದೃಶ್ಯ ಸೇರಿಸಬೇಕೆಂದರೆ ಅಲ್ಲಿಂದ ಕೊನೆಯವರೆಗೆ ಮತ್ತೆ ಮಾಡಬೇಕು, ಪ್ರತಿಯ ಪ್ರತಿ ತೆಗೆದಷ್ಟೂ ಚಿತ್ರ ಮಸುಕಾಗುತ್ತದೆ. ಆದ್ದರಿಂದ ಬಟನ್ ಒತ್ತುವ ಮೊದಲೇ ಮನಸ್ಸಿನಲ್ಲಿ ಇಡೀ ಮದುವೆ ಜೋಡಣೆಯಾಗಿರಬೇಕಿತ್ತು. ಸುರಿಗಿ ನೀರು, ಬೀಗರು ಎದುರುಗೊಳ್ಳುವುದು, ತಾಳಿ, ಅಕ್ಕಿಕಾಳು, ಊಟದ ಪಂಕ್ತಿ. ಕ್ಯಾಸೆಟ್ ಒಯ್ದವರು ಮೂರನೆಯ ದಿನ ತಿರುಗಿ ಬಂದು, ಸಿಂಧನೂರಿನಿಂದ ಬಂದಿದ್ದ ದೊಡ್ಡವ್ವ ಒಮ್ಮೆಯೂ ಕಾಣುತ್ತಿಲ್ಲವೆಂದು ಜಗಳ ತೆಗೆಯುತ್ತಿದ್ದರು. ಅಂಗಡಿಯ ಮಾಲೀಕರು ನನಗೆ ಹೇಳಿಕೊಟ್ಟ ಪಾಠ ಒಂದೇ: ಪ್ಲೇಟು ಹಿಡಿದು ನಿಂತವರೂ ಸೇರಿ ಚಿತ್ರದಲ್ಲಿರುವ ಎಲ್ಲರನ್ನೂ ಗುರುತಿಸುವವರು ಯಾರಾದರೂ ಇದ್ದೇ ಇರುತ್ತಾರೆ. ಆ ಮಾತನ್ನು ನೆನಪಿಟ್ಟುಕೊಂಡಿದ್ದರೆ 2007ರಲ್ಲಿ ನಾನು ಎರಡನೆಯ ಸಲ ಬಾಯಿ ತೆರೆಯುತ್ತಿದ್ದೆ.

ಬೆಂಗಳೂರು, ಮುಂಬೈ, ಆಮೇಲೆ ಲಂಡನ್. ಅಲ್ಲಿನ ಸೋಹೋ ಎಂಬ ಇಕ್ಕಟ್ಟಾದ ಬಡಾವಣೆಯ ನೆಲಮಾಳಿಗೆಗಳಲ್ಲಿ ಸಂಕಲನದ ಕೋಣೆಗಳು ಒತ್ತಾಗಿವೆ. ಕಿಟಕಿ ಇಲ್ಲದ ಅಂಥ ಒಂದು ಕೋಣೆಯಲ್ಲಿ ಕುಳಿತು ನಾನು ಚಿಲಿಯ ತಾಮ್ರದ ಗಣಿಯನ್ನು, ಬಾಂಗ್ಲಾದೇಶದ ನದಿ ಕೊರೆತವನ್ನು, ನಾರ್ವೆಯ ಮೀನುಗಾರರನ್ನು ಜೋಡಿಸಿದ್ದೇನೆ. ಆ ದೇಶಗಳಲ್ಲಿ ಒಂದಕ್ಕೂ ಹೋಗಿಲ್ಲ. ಈ ವೃತ್ತಿಯವರ ಪರದೇಶವೆಲ್ಲ ರಶಸ್‌ನಲ್ಲೇ, ಅಂದರೆ ಇನ್ನೂ ಕತ್ತರಿಸದ ಕಚ್ಚಾ ಚಿತ್ರೀಕರಣದಲ್ಲೇ, ಇರುತ್ತದೆ. ಎಂಬತ್ತು ತಾಸಿನ ರಶಸ್ ಬಂದರೆ ಎಂಬತ್ತೂ ತಾಸು ನೋಡಬೇಕು. ಕ್ಯಾಮೆರಾ ಆರಿಸಲು ಮರೆತು ನೆಲವನ್ನಷ್ಟೇ ಹಿಡಿದ ತುಣುಕನ್ನೂ ಬಿಡುವ ಹಾಗಿಲ್ಲ. ಸಂದರ್ಶನ ಮುಗಿಯಿತೆಂದುಕೊಂಡ ಮನುಷ್ಯ ನಿಜವಾದ ಮಾತನ್ನು ಆಡುವುದು ಎಷ್ಟೋ ಸಲ ಅಲ್ಲಿಯೇ.

ಹೊರಗಿನವರಿಗೆ ಗೊತ್ತಿರದ ಲೆಕ್ಕಗಳು ಇದರಲ್ಲಿ ಬಹಳ. ಯುರೋಪಿನ ಹಲವು ವಾಹಿನಿಗಳಿಗೆ ಒಂದು ತಾಸಿನ ಸಾಕ್ಷ್ಯಚಿತ್ರವೆಂದರೆ 52 ನಿಮಿಷ. ಜಾಹೀರಾತು ಹೆಚ್ಚಿರುವ ಅಮೆರಿಕದ ವಾಹಿನಿಗಳಿಗೆ ಅದೇ ಚಿತ್ರ 42ರಿಂದ 44 ನಿಮಿಷಕ್ಕೆ ಇಳಿಯಬೇಕು, ಜತೆಗೆ ಪ್ರತಿ ಬಿಡುವಿನ ಮುಂಚೆ ಒಂದು ಕುತೂಹಲ, ಬಿಡುವಿನ ನಂತರ ಒಂದು ನೆನಪೋಲೆ ಬೇಕು. ಬೇರೆ ಭಾಷೆಗಳಿಗೆ ಮಾರುವ ಸಲುವಾಗಿ ಸಂಗೀತ ಮತ್ತು ಪರಿಸರದ ಸದ್ದುಗಳನ್ನು ನಿರೂಪಣೆಯಿಂದ ಬೇರ್ಪಡಿಸಿ ಕೊಡಬೇಕು, ಅಕ್ಷರಗಳಿಲ್ಲದ ಇನ್ನೊಂದು ಪ್ರತಿ ಕೊಡಬೇಕು. ನಿರೂಪಣೆಯ ಪ್ರತಿಯೊಂದು ವಾಕ್ಯಕ್ಕೂ ಆಧಾರ ತೋರಿಸುವ ಟಿಪ್ಪಣಿ ಸಹಿತ ಸ್ಕ್ರಿಪ್ಟನ್ನು ವಾಹಿನಿಯ ವಕೀಲರು ಓದುತ್ತಾರೆ. ಸೆಕೆಂಡಿಗೆ 25 ಫ್ರೇಮ್; ಒಂದು ಫ್ರೇಮ್ ಎಂದರೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು. ಎರಡು ಫ್ರೇಮ್ ಮೊದಲು ಕತ್ತರಿಸಿದರೆ ಮನುಷ್ಯ ಸುಳ್ಳು ಹೇಳಿದಂತೆ, ಆರು ಫ್ರೇಮ್ ತಡೆದು ಕತ್ತರಿಸಿದರೆ ಸಂಕೋಚಪಟ್ಟಂತೆ ಕಾಣಿಸಬಹುದು. ಇದನ್ನು ನಾನು ಸಾವಿರ ಸಲ ಪರೀಕ್ಷಿಸಿ ನೋಡಿದ್ದೇನೆ.

ಲಂಡನ್ನಿಗೆ ಹೋಗುವ ಮುಂಚೆ ಬಳ್ಳಾರಿಗೆ ಹೋಗಿ ಆ ಹೆಣ್ಣುಮಗಳನ್ನು ಕಂಡೆ. ಚಿತ್ರದ ಆ ತುಣುಕನ್ನು ಯಾರೋ ಅಂತರಜಾಲದಲ್ಲಿ ನೋಡಿ, ಕನ್ನಡ ಬಲ್ಲ ಮತ್ತೊಬ್ಬರು ಹೊಲಿಗೆ ಘಟಕದವರಿಗೆ ತೋರಿಸಿ, ಎರಡು ತಿಂಗಳು ಅವರ ಮನೆಗೆ ಪ್ಯಾಂಟಿನ ಗಂಟು ಬಂದಿರಲಿಲ್ಲ. ಆಮೇಲೆ ಬೇರೊಂದು ಘಟಕದ ಕೆಲಸ ಸಿಕ್ಕಿತ್ತು. ನನ್ನ ಮೇಲೆ ಅವರು ಸಿಟ್ಟಾಗಲಿಲ್ಲ. ಚಹಾ ಕೊಟ್ಟು, ಎದುರಿಗೆ ಕೂತು ಕೇಳಿದರು: “ನಾ ಅಂದಿದ್ದು ಅರ್ಧಾ ಅದ. ಉಳಿದ ಮಾತು ಎಲ್ಲಿ ಹೋತು ತಮ್ಮಾ?” ಉಳಿದ ಮಾತು ನನಗೆ ಬಾಯಿಪಾಠವಾಗಿತ್ತು. ಕಣ್ಣು ಉರಿತಾವ, ಬೆನ್ನು ಹಿಡಿತೈತಿ, ಆದರ ಮಗಳ ಫೀ ಇದರಾಗನ ಕಟ್ಟೀನಿ ಎಂದು ಅವರು ಅಂದಿದ್ದರು. ಅದು ಟೇಪಿನಲ್ಲಿದೆ, ನಾವು ಹಾಕಲಿಲ್ಲ ಎಂದೆ. ‘ನಾವು’ ಎಂಬ ಪದವನ್ನು ಬೇಕೆಂದೇ ಬಳಸಿದೆ. ಅಮೆರಿಕಕ್ಕೆ ಕಳಿಸುವ ಕಿರಿದಾದ ಪ್ರತಿ ಆಗಿನ್ನೂ ತಯಾರಾಗುತ್ತಿತ್ತು. ಮುಂಬೈಗೆ ಪತ್ರ ಬರೆದು, ಮುಖ್ಯ ಸಂಕಲನಕಾರರ ಜೊತೆ ಫೋನಿನಲ್ಲಿ ಕೂತು, ಆ ಪ್ರತಿಯಲ್ಲಿ ವಾಕ್ಯವನ್ನು ಪೂರ್ತಿ ಮಾಡಿಸಿದೆ. ವಿಷಯ ತಿಳಿದಾಗ ಅವರೂ ಬಹಳ ನೊಂದುಕೊಂಡರು. 52 ನಿಮಿಷದ ಪ್ರತಿ ಇಂದಿಗೂ ಹಾಗೆಯೇ ಇದೆ.

ಕನ್ನಡದಲ್ಲಿ ಮಾತಾಡುವವರನ್ನು ಇಂಗ್ಲಿಷಿನ ಕಿವಿಯಿಂದ ಕತ್ತರಿಸುವಾಗ ಈ ಅಪಾಯ ಸದಾ ಇರುತ್ತದೆ. ನಮ್ಮ ವಾಕ್ಯದ ಜೀವ ಇರುವುದು ಕೊನೆಯಲ್ಲಿ. ಹೌದೋ ಅಲ್ಲವೋ, ಮಾಡಿದರೋ ಮಾಡಬೇಕೆಂದಿದ್ದರೋ, ತಾವು ಕಂಡದ್ದೋ ಯಾರೋ ಹೇಳಿದ್ದೋ ಎಂಬುದೆಲ್ಲ ಕ್ರಿಯಾಪದ ಬಂದ ಮೇಲೆ, ಅದರ ಬಾಲದಲ್ಲಿ ತಿಳಿಯುತ್ತದೆ. ‘ಅಂತ’ ಎಂಬ ಒಂದು ಸಣ್ಣ ಪದ ಅದರ ಹಿಂದಿನ ಇಡೀ ಮಾತನ್ನು ಬೇರೆಯವರ ಬಾಯಿಗೆ ದಾಟಿಸಿಬಿಡಬಲ್ಲದು. ಇಂಗ್ಲಿಷಿನಲ್ಲಿ ಬೇಡ ಎನ್ನುವವರು ಮೊದಲೇ ಬೇಡ ಎಂದಿರುತ್ತಾರೆ, ಆದ್ದರಿಂದ ಆ ಭಾಷೆಯ ಸಂಕಲನಕಾರರು ವಾಕ್ಯದ ತಲೆಯನ್ನು ಕಾಯುತ್ತಾರೆ, ಬಾಲವನ್ನು ನಿಶ್ಚಿಂತೆಯಿಂದ ಕತ್ತರಿಸುತ್ತಾರೆ. ತಮಿಳು, ತೆಲುಗು, ಜಪಾನಿ, ತುರ್ಕಿ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ, ಆ ಭಾಷೆಗಳ ಸಂದರ್ಶನಗಳು ಬಂದಾಗ ಅರ್ಥವಾಗದಿದ್ದರೂ ನನ್ನ ಕೈ ತಾನಾಗಿ ತಡೆಯುತ್ತದೆ. ಮೂಲ ಧ್ವನಿಯ ಮೇಲೆ ಇಂಗ್ಲಿಷ್ ಧ್ವನಿ ಹಾಕುವ ಪದ್ಧತಿಯಲ್ಲಿ, ಮಾತಿನ ಆರಂಭದಲ್ಲಿ ಒಂದೆರಡು ಸೆಕೆಂಡ್, ಕೊನೆಯಲ್ಲಿ ಒಂದೆರಡು ಸೆಕೆಂಡ್ ಮೂಲ ಧ್ವನಿ ಸ್ಪಷ್ಟವಾಗಿ ಕೇಳುವಂತೆ ಬಿಡುತ್ತಾರೆ. ಆ ಕೊನೆಯ ಎರಡು ಸೆಕೆಂಡಿನಲ್ಲಿ ಕ್ರಿಯಾಪದ ಇದ್ದೇ ಇರಬೇಕೆಂಬುದು ನನ್ನ ನಿಯಮ. ಜಗತ್ತಿನ ಪ್ರೇಕ್ಷಕರಿಗೆ ಅದರಿಂದ ಏನೂ ವ್ಯತ್ಯಾಸವಾಗದು. ಆ ಮಾತು ಯಾರದೋ ಅವರ ಊರಿನವರಿಗೆ ಆಗುತ್ತದೆ.

ಸಂಕಲನದಿಂದ ಬರವಣಿಗೆಗೆ ನಾನು ದಾಟಿದ್ದು ತಾನಾಗಿ. ಚಿತ್ರ ಜೋಡಿಸುವಾಗ ಜಾಗ ಹಿಡಿಯಲೆಂದು ನನ್ನದೇ ಧ್ವನಿಯಲ್ಲಿ ತಾತ್ಕಾಲಿಕ ನಿರೂಪಣೆ ಓದಿ ಹಾಕುತ್ತಿದ್ದೆ. ಕೆಲವು ನಿರ್ಮಾಪಕರು ಅದನ್ನೇ ಉಳಿಸಿಕೊಳ್ಳೋಣ ಎಂದರು. ನನ್ನ 52 ನಿಮಿಷದ ಚಿತ್ರಗಳಲ್ಲಿ ನಿರೂಪಣೆ ಎರಡು ಸಾವಿರ ಪದ ದಾಟಿದ್ದು ಅಪರೂಪ. ಕಣ್ಣಿಗೆ ಕಾಣುತ್ತಿರುವುದನ್ನು ಮತ್ತೆ ಬಾಯಿಂದ ಹೇಳದಿರುವುದು ಇದರಲ್ಲಿನ ಮುಕ್ಕಾಲು ಕೆಲಸ. ಮಸ್ಕಿಯ ಉದಾಹರಣೆ ಕೊಡುತ್ತೇನೆ, ಏಕೆಂದರೆ ನಾನು ಅತ್ಯಂತ ಹೆಚ್ಚು ಸಲ ತಿದ್ದಿದ ಒಂದು ನಿಮಿಷ ಅದು. ನನ್ನ ಕೈಗೆ ಬಂದ ಕರಡು ಹೀಗಿತ್ತು: “ದಕ್ಷಿಣ ಭಾರತದ ಈ ಬೃಹತ್ ಬಂಡೆಯ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದೆ, ಪ್ರಾಚೀನ ಜಗತ್ತಿನ ಮಹಾನ್ ಚಕ್ರವರ್ತಿಯೊಬ್ಬ ತನ್ನ ಸಂದೇಶ ಕೆತ್ತಿಸಿದ. ಇಲ್ಲಿ ಮಾತ್ರ ಅವನ ನಿಜವಾದ ಹೆಸರಿದೆ.”

ಬಂಡೆ ಬೃಹತ್ತಾಗಿರುವುದು ಕಾಣುತ್ತದೆ. ಮಹಾನ್ ಎಂಬುದನ್ನು ನೋಡುವವರಿಗೆ ಬಿಡಬಹುದು. ಕೊನೆಯ ವಾಕ್ಯ ಮಾತ್ರ ತಪ್ಪು. ಬ್ರಾಹ್ಮಿ ಲಿಪಿಯನ್ನು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಓದಿದ್ದರೂ ಶಾಸನಗಳಲ್ಲಿ ಸಿಗುತ್ತಿದ್ದದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು. ಅದು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಬಂಗಾರದ ನಿಕ್ಷೇಪ ಹುಡುಕುತ್ತ ಬಂದಿದ್ದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಶಾಸನ ಕಂಡರು, ಅದರಲ್ಲಿ ಹೆಸರೇ ಇತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳದಲ್ಲಿ ಕೂಡ ಹೆಸರಿರುವ ಶಾಸನಗಳು ದೊರೆತವು. ಹಾಗಾಗಿ ‘ಇಲ್ಲಿ ಮಾತ್ರ’ ಎಂಬುದು ‘ಇಲ್ಲಿ ಮೊದಲಿಗೆ’ ಆಗಬೇಕು. ಒಂದು ಪದದ ತಿದ್ದುಪಡಿಗೆ ನಾಲ್ಕು ಪತ್ರ ವಿನಿಮಯವಾದವು, ಏಕೆಂದರೆ ‘ಮಾತ್ರ’ ಎಂಬುದಕ್ಕಿರುವ ಸೆಳೆತ ‘ಮೊದಲಿಗೆ’ ಎಂಬುದಕ್ಕಿಲ್ಲವೆಂದು ವಾಹಿನಿಯವರ ಅಳಲು. ಕೊನೆಗೆ ಉಳಿದದ್ದು ಇಷ್ಟು: “ಬೇರೆ ಬಂಡೆಗಳಲ್ಲಿ ಅವನು ದೇವರಿಗೆ ಪ್ರಿಯನಾದವನು. 1915ರಲ್ಲಿ, ಇಲ್ಲಿ, ಅವನ ಹೆಸರು ಮೊದಲ ಬಾರಿಗೆ ಓದಲು ಸಿಕ್ಕಿತು.” ಆಮೇಲೆ ಒಂಬತ್ತು ಸೆಕೆಂಡ್ ಮಾತಿಲ್ಲ. ಕ್ಯಾಮೆರಾ ಅಕ್ಷರಗಳ ಮೇಲೆ ನಿಧಾನವಾಗಿ ಸರಿಯುತ್ತದೆ, ದೂರದಲ್ಲಿ ಕುರಿ ಕಾಯುವವರು ಕೂಗುವುದು ಕೇಳುತ್ತದೆ. ಆ ಕೂಗು ಅಂದು, ಅಲ್ಲೇ ದಾಖಲಾದದ್ದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ದೂರದ ಲೆನ್ಸಿನಿಂದ ತೆಗೆದ ಕಾಡುಪ್ರಾಣಿಯ ಹೆಜ್ಜೆ ಸದ್ದು, ಅಗಿಯುವ ಸದ್ದುಗಳನ್ನು ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮಾಡಿ ಸೇರಿಸುತ್ತಾರೆ. ಅದು ಈ ಪ್ರಕಾರದಲ್ಲಿ ಒಪ್ಪಿಗೆಯಾದ ಪದ್ಧತಿ, ನಾನೂ ಮಾಡಿದ್ದೇನೆ. ಆದರೆ 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮದ ಒಂದು ದೃಶ್ಯ ಬಂದಾಗ ನನಗೆ ತಡೆಯಿತು. ಸಂಜೆ ಕರಡಿಗಳು ಬಂಡೆಯ ಮೇಲೆ ಬರುತ್ತವೆ, ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಬರುತ್ತದೆ, ಬಂಡೆಯನ್ನು ನೆಕ್ಕುತ್ತವೆ. ಅಲ್ಲಿ ಸಿಹಿ ಸವರಿಟ್ಟವರು ಅರಣ್ಯ ಇಲಾಖೆಯ ಸಿಬ್ಬಂದಿ. ವೀಕ್ಷಣಾ ಗೋಪುರದಿಂದ ನೋಡುವ ಪ್ರವಾಸಿಗರಿಗೆಲ್ಲ ಅದು ತಿಳಿದದ್ದೇ. ಸ್ಕ್ರಿಪ್ಟಿನಲ್ಲಿ ಮಾತ್ರ, ಹಸಿದ ಕರಡಿ ತನ್ನ ಘ್ರಾಣಶಕ್ತಿಯಿಂದ ಗೆದ್ದಲು ಹುಡುಕುತ್ತಿದೆ ಎಂದಿತ್ತು. ಸಿಹಿ ಸವರುವ ಸಿಬ್ಬಂದಿಯೊಬ್ಬರ ದೃಶ್ಯ ರಶಸ್‌ನಲ್ಲಿ ಹನ್ನೊಂದು ಸೆಕೆಂಡ್ ಇತ್ತು. ಅದನ್ನು ಮೊದಲಿಗೆ ಇಟ್ಟೆ. ಆತ ಕೊಡ ಹೊತ್ತು ಬಂಡೆ ಇಳಿದು ಹೋಗುತ್ತಾನೆ, ಖಾಲಿ ಬಂಡೆ ಉಳಿಯುತ್ತದೆ, ಆಮೇಲೆ ಕರಡಿ. ಸುಳ್ಳು ಹೋದ ಮೇಲೆ ದೃಶ್ಯದ ಬಿಗಿ ಹೆಚ್ಚಾಯಿತು, ಏಕೆಂದರೆ ಈಗ ಖಾಲಿ ಬಂಡೆಯನ್ನು ನೋಡುವವರಿಗೆ ಕಾಯುವುದಕ್ಕೆ ಕಾರಣವಿತ್ತು.

ತಾಯಿಯ ಆರೋಗ್ಯಕ್ಕಾಗಿ ಕೊಪ್ಪಳಕ್ಕೆ ಮರಳಿದಾಗ ಈ ವೃತ್ತಿ ಮುಗಿಯಿತೆಂದುಕೊಂಡಿದ್ದೆ. ಈಗ ರಶಸ್‌ನ ಸಣ್ಣ ಗಾತ್ರದ ಪ್ರತಿಗಳನ್ನು ಇಂಟರ್ನೆಟ್ಟಿನಲ್ಲೇ ಕಳಿಸುತ್ತಾರೆ. ನಾನು ಇಲ್ಲಿ ಕತ್ತರಿಸಿದ್ದನ್ನು ಅಲ್ಲಿ ಮೂಲ ಚಿತ್ರಕ್ಕೆ ಹೊಂದಿಸಿಕೊಳ್ಳುತ್ತಾರೆ. ಮಾಳಿಗೆಯ ಮೇಲಿನ ಕೋಣೆ, ಎರಡು ಮಾನಿಟರ್, ಒಂದು ಯುಪಿಎಸ್. ಪಿಂಚಣಿ ಇಲ್ಲ, ಎರಡು ಚಿತ್ರಗಳ ನಡುವೆ ಕೆಲವೊಮ್ಮೆ ನಾಲ್ಕು ತಿಂಗಳು ಕೆಲಸವಿಲ್ಲ. ಕಿಟಕಿ ಮಾತ್ರ ಇದೆ. ಅದರಲ್ಲಿ ಪಾಲ್ಕಿಗುಂಡು ಕಾಣುತ್ತದೆ, ಅಶೋಕನ ಇನ್ನೊಂದು ಶಾಸನ ಇರುವ ಬೆಟ್ಟ.

ಸಂಕಲನ ಕಲಿಸುವವರೆಲ್ಲ ರಷ್ಯಾದ ಲೆವ್ ಕುಲೆಶೋವ್ ಅವರ ಪ್ರಯೋಗವನ್ನು ಹೇಳುತ್ತಾರೆ. ನಟನೊಬ್ಬನ ನಿರ್ಭಾವುಕ ಮುಖದ ಒಂದೇ ಚಿತ್ರವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದಾಗ, ನೋಡಿದವರಿಗೆ ಮೊದಲನೆಯದರಲ್ಲಿ ಹಸಿವೂ ಎರಡನೆಯದರಲ್ಲಿ ದುಃಖವೂ ಕಂಡಿತಂತೆ. ನಾನು ಅದನ್ನು ಓದಿದಾಗ ನೆನಪಾದದ್ದು ತೊಗಲುಗೊಂಬೆ. ತೊಗಲಿನಲ್ಲಿ ಕತ್ತರಿಸಿದ ಸೀತೆಯ ಮುಖ ಸ್ವಯಂವರದಲ್ಲೂ ಅದೇ, ಅಶೋಕವನದಲ್ಲೂ ಅದೇ. ಪರದೆಯ ಹಿಂದಿನ ದನಿ, ಹಾರ್ಮೋನಿಯಂ, ಪಕ್ಕದಲ್ಲಿ ಬಂದು ನಿಲ್ಲುವ ಗೊಂಬೆ, ಇವು ಅವಳನ್ನು ಅಳಿಸುತ್ತವೆ. ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂದಾಗ ನನಗಾದ ಸಂತೋಷದಲ್ಲಿ ಒಂದು ಪಾಲು ನನ್ನ ವೃತ್ತಿಯದೂ ಆಗಿತ್ತು. ಬೆಳಕು, ಪರದೆ, ಜೋಡಣೆ, ನಿರೂಪಣೆ ನಾಲ್ಕೂ ಒಬ್ಬರದೇ ಮನೆತನದ ಕೈಯಲ್ಲಿರುವ ಕಲೆ ಅದು. ನಮ್ಮಲ್ಲಿ ಅದಕ್ಕೆ ಒಂದು ತಂಡವೇ ಬೇಕು.

ಈಗ ನನ್ನ ಮೇಜಿನ ಮೇಲಿರುವುದು ನೆರಳಿನ ಆಟಗಳ ಬಗೆಗಿನ ಒಂದು ಸರಣಿ. ಅದರಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಕಲಾವಿದರು ಆಟಕ್ಕೆ ಮೊದಲು ದೀಪ ಸರಿಮಾಡುತ್ತ ಮಾತಾಡುತ್ತಾರೆ. “ನಮ್ಮ ಹಿರ್‍ಯಾರು ಬಿಟ್ಟು ಹೋಗ್ಯಾರ...” ಎಂದು ನಿಲ್ಲುತ್ತಾರೆ. ಹನ್ನೆರಡು ಸೆಕೆಂಡ್ ದೀಪದ ಬತ್ತಿಯನ್ನೇ ನೋಡುತ್ತಾರೆ. ಪೆಟ್ಟಿಗೆಯಿಂದ ಒಂದು ಗೊಂಬೆ ಎತ್ತಿ, ಅದರ ಧೂಳು ಒರೆಸಿ, “...ಇವನ್ನ” ಎನ್ನುತ್ತಾರೆ. ವಾಹಿನಿಯಿಂದ ಬಂದ ಟಿಪ್ಪಣಿಯಲ್ಲಿ ಈ ಮೌನ ಉದ್ದವಾಯಿತು, ಮೊದಲ ಮಾತಿಗೇ ಕತ್ತರಿಸಿ ಆಟಕ್ಕೆ ಹೋಗಿ ಎಂದಿದೆ. ಹಾಗೆ ಮಾಡಿದರೆ ಅವರು ತಮ್ಮನ್ನು ಬಿಟ್ಟು ಹೋದ ಹಿರಿಯರಿಗಾಗಿ ಕೊರಗಿದಂತಾಗುತ್ತದೆ. ಅವರು ತೋರಿಸುತ್ತಿರುವುದು ಹಿರಿಯರು ತಮಗಾಗಿ ಬಿಟ್ಟುಹೋದದ್ದನ್ನು. ನಾನು ಹನ್ನೆರಡನ್ನು ಎಂಟಕ್ಕೆ ಇಳಿಸಿ, ಗೊಂಬೆಯನ್ನೂ ‘ಇವನ್ನ’ ಎಂಬುದನ್ನೂ ಉಳಿಸಿಕೊಂಡು, ಎರಡು ಪುಟದ ಪತ್ರದ ಜೊತೆ ನಿನ್ನೆ ರಾತ್ರಿ ಕಳಿಸಿದ್ದೇನೆ. ಒಪ್ಪದಿದ್ದರೆ ಇನ್ನೊಮ್ಮೆ ಬರೆಯುತ್ತೇನೆ.